ಅಕ್ಕನ ಹುಳ, ನನ್ನ ಓಟ

ಜನವರಿ 16, 1995, ಸೋಮವಾರ

ಸಂಕ್ರಾಂತಿ ಎಳ್ಳು ಇನ್ನೂ ಡಬ್ಬಿಯಲ್ಲಿದೆ, ಆಗಲೇ ಊರೆಲ್ಲ ನನ್ನದೇ ಸುದ್ದಿ. ಹಾಲಿನ ಡೈರಿ ಸೆಕ್ರೆಟರಿ ಚಲಪತಿ ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದ ತನಕ ಓಡ್ತಾನಂತೆ, ನಲವತ್ತು ಕಿಲೋಮೀಟರಿಗೂ ಮೇಲಂತೆ, ಅವನಿಗೇನು ತಲೆ ಕೆಟ್ಟಿದೆಯಾ ಅಂತ. ಅನ್ನಲಿ. ಹೈಸ್ಕೂಲಲ್ಲಿದ್ದಾಗ ಕೋಲಾರ ಜಿಲ್ಲೆಗೇ ಎರಡನೆಯವನಾಗಿ ಬಂದ ಕಾಲು ಇವು. ಮೂವತ್ತಾರು ವರ್ಷ ಆದರೇನು, ಲ್ಯಾಕ್ಟೋಮೀಟರ್ ಹಿಡಿದು ಹಿಡಿದು ಕೈ ಮೆತ್ತಗಾಗಿರಬಹುದು, ಕಾಲು ಆಗಿಲ್ಲ.

ಓಟ ಫೆಬ್ರವರಿ ಹನ್ನೆರಡಕ್ಕೆ, ಭಾನುವಾರ. ಇದನ್ನ ನಡೆಸ್ತಿರೋದು ಚಿಂತಾಮಣಿಯ ಸೇವಾ ಸಂಘದ ಅಧ್ಯಕ್ಷರು ವೆಂಕಟರಾಯಪ್ಪನವರು, ಜವಳಿ ಅಂಗಡಿಯವರು. ಈ ಕಡೆ ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳನ್ನ ದಿನಾ ಬೆಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋಗಿ ಬರೋದಕ್ಕೆ ಒಂದು ವ್ಯಾನು ತಗೋಬೇಕು ಅಂತ ಅವರ ಆಸೆ. ಅಂಗಡಿಯವರು, ರೇಷ್ಮೆ ನೂಲು ತೆಗೆಯೋ ರೀಲರುಗಳು, ಮೇಷ್ಟ್ರುಗಳು ಎಲ್ಲ ಕಿಲೋಮೀಟರಿಗೆ ಇಷ್ಟು ಅಂತ ಬರೆಸಿದ್ದಾರೆ. ಆದರೆ ಪೂರ್ತಿ ಓಡಿದರೆ ಮಾತ್ರ. ಅರ್ಧಕ್ಕೆ ಕೂತರೆ ಬಿಡಿಗಾಸೂ ಇಲ್ಲ.

ಅಕ್ಕನ ಎದೆಯ ಕ್ಯಾನ್ಸರಿಗೂ ಇವತ್ತಿಂದಲೇ ಬೆಂಗಳೂರಲ್ಲಿ ಕರೆಂಟು ಇಡೋದು ಶುರು, ರೇಡಿಯೇಷನ್ ಅಂತಾರಲ್ಲ ಅದು. ಐದು ವಾರ, ಶನಿವಾರ ಭಾನುವಾರ ಬಿಟ್ಟು ದಿನಾ. ಡಾಕ್ಟರು ಹೇಳಿರೋದು ಒಂದೇ ಮಾತು: ನಡುವೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಆಪರೇಷನ್ ಮಾಡಿದ್ದೂ ನೀರಲ್ಲಿ ಹೋಮ. ನನ್ನ ಹೆಂಡತಿ ಆಂಜಿನಮ್ಮ ಜೊತೆಗೆ ಹೋದಳು. ನಾನು ಹೋಗಬಹುದಿತ್ತು, ಆದರೆ ಡೈರಿ ಬಿಟ್ಟು ಹೋಗೋದು ಹೇಗೆ? ಕಾರ್ತೀಕದಲ್ಲಿ ಆಪರೇಷನ್ ಆದಾಗಲೂ ಆಡಿಟ್ ಇತ್ತು. ಅಲ್ಲದೆ ಹೆಂಗಸರ ವಾರ್ಡಲ್ಲಿ ಗಂಡಸಿಗೇನು ಕೆಲಸ.

ಜನವರಿ 19, ಗುರುವಾರ

ಕತ್ತಲಿರುವಾಗಲೇ ಎದ್ದು ಓಡಿದೆ. ಚಳಿ ಅಂದರೆ ಚಳಿ. ವಾಪಸ್ ಬರೋ ಹೊತ್ತಿಗೆ ಪಕ್ಕದ ಮನೆ ಗಂಗುಲಪ್ಪ ಜಗಲಿ ಮೇಲೆ ಬೇವಿನಕಡ್ಡಿ ಅಗೀತಾ ಕೂತಿದ್ದ. "ಏಮಪ್ಪಾ ಚಲಪತೀ, ಎವರು ತರುಮುತಾ ಉಂಡಾರು?" ಅಂದ. ಯಾರಪ್ಪಾ ಅಟ್ಟಿಸಿಕೊಂಡು ಬರ್ತಿರೋದು ಅಂತ! ಹಲ್ಲಿಲ್ಲದ ಬಾಯಲ್ಲಿ ನಗು ಬೇರೆ.

"ಯಾರೂ ಇಲ್ಲ ಮಾವಾ, ನಾನೇ ಓಡ್ತಿರೋದು" ಅಂದೆ. "ಅದೇ ಕೇಳ್ತಿರೋದು" ಅಂದ. ಮುದುಕನಿಗೆ ಬೇರೆ ಕೆಲಸವಿಲ್ಲ.

ಡೈರಿಯಲ್ಲಿ ಹಾಲು ಹಾಕೋಕೆ ಬಂದವರೆಲ್ಲ ಮಾತಾಡಿಸಿದರು. ಇಷ್ಟು ವರ್ಷ ನೀರು ಬೆರೆಸಿದಾರೆ ಅಂತ ನಾನು ಜಗಳ ಆಡಿದವರೇ ಇವತ್ತು ಚಲಪತಣ್ಣ ಅಂತಾರೆ. ಖುಷಿಯಾಗೇ ಆಯಿತು, ಸುಳ್ಳು ಯಾಕೆ ಬರೀಲಿ.

ಜನವರಿ 24, ಮಂಗಳವಾರ

ಅಕ್ಕ ರೇಷ್ಮೆ ಹುಳ ಇಳಿಸಿದ್ದಾಳೆ! ಮೊಟ್ಟೆ ತರಬೇಡ ಅಂತ ಎಲ್ಲರೂ ಬಡಕೊಂಡಿದ್ದೆವು. ಕೇಳ್ತಾಳಾ? ನಮ್ಮಪ್ಪನ ಮಾತೇ ಕೇಳಿದವಳಲ್ಲ. ಕರೆಂಟು ಶುರುವಾದ ಮಾರನೇ ದಿನವೇ ಮೊಟ್ಟೆ ಒಡೆಸಿ, ಎಳೇ ಹಿಪ್ಪುನೇರಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ನಮಗೆ ಒಂದು ವಾರ ಆದ ಮೇಲೆ ಹೇಳ್ತಾಳೆ. ನನ್ನ ಮನೆ ಹಿಂದಿನ ಹೆಂಚಿನ ಕೋಣೆ ಅವಳ ಹುಳದ ಮನೆ. ಭಾವ ಹೋದ ಮೇಲೆ ಹದಿನೈದು ವರ್ಷದಿಂದ ಅದೇ ಅವಳ ಸಂಸಾರ. ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ 'ಆದಿಲಕ್ಷ್ಮಮ್ಮನ ಗೂಡು' ಅಂದರೆ ರೀಲರುಗಳು ಕೈಯಾಡಿಸಿ ನೋಡೋದೂ ಇಲ್ಲ, ಬೆಲೆ ಕೂಗಿಬಿಡ್ತಾರೆ.

ಇವತ್ತು ನಾನು ಜೋರು ಮಾಡಿದೆ. "ಐದು ವಾರ ಸುಮ್ಮನಿರೋಕಾಗಲ್ವಾ ಅಕ್ಕಾ? ಜೀವ ದೊಡ್ಡದೋ ಹುಳ ದೊಡ್ಡದೋ?"

ಅವಳು ತಟ್ಟೆಗೆ ಸೊಪ್ಪು ಉದುರಿಸ್ತಾನೇ ಇದ್ದಳು. "ಎರಡೂ ಒಂದೇ ಕಣೋ. ನಾನು ಮನಸ್ಸಲ್ಲಿ ಅನ್ಕೊಂಡಿದೀನಿ. ಈ ಬೆಳೆ ಕೈಗೆ ಹತ್ತಿದ್ರೆ ನಾನೂ ಉಳೀತೀನಿ. ಕೆಟ್ರೆ, ಇನ್ನು ಬೆಂಗಳೂರಿಗೆ ಅಲೆಯೋದು ದಂಡ."

"ಇದೆಂಥಾ ಹುಚ್ಚು!" ಅಂದೆ.

"ನೀನು ರಸ್ತೆ ಉದ್ದಕ್ಕೂ ಓಡೋದು ಹುಚ್ಚಲ್ವಾ? ಹೋಗು, ಸೊಪ್ಪು ಕೊಯ್ಕೊಂಡು ಬಾ."

ಬೆಳಿಗ್ಗೆ ಬಸ್ಸಿಗೆ ಮುಂಚೆ, ಸಾಯಂಕಾಲ ಬಂದ ಮೇಲೆ, ರಾತ್ರಿ ಅವಳೇ ಸೊಪ್ಪು ಹಾಕ್ತಾಳಂತೆ. ಮಧ್ಯಾಹ್ನದ್ದು ನನ್ನ ಪಾಲು. ಒಪ್ಪದೆ ಏನು ಮಾಡಲಿ, ಒಪ್ಪದಿದ್ದರೆ ನಾಳೆ ಬಸ್ಸು ಹತ್ತೋಳಲ್ಲ. ಡಾಕ್ಟರಿಗೆ ಹೇಳೋಣ ಅಂದರೆ ಆಂಜಿನಮ್ಮ ಬೇಡ ಅಂದಳು. "ಅವರಿಗೇನು ಗೊತ್ತಾಗತ್ತೆ ಹುಳದ ವಿಷಯ?" ಅಂತ.

ಜನವರಿ 29, ಭಾನುವಾರ

ಚಿಂತಾಮಣಿಗೆ ಓಡಿ, ಬಸ್ಸಲ್ಲಿ ವಾಪಸ್ ಬಂದೆ. ಅಂಬಾಜಿದುರ್ಗದ ಬೆಟ್ಟ ದೂರದಲ್ಲಿ ಕಂಡಾಗ ಸಾಕಪ್ಪಾ ಅನ್ನಿಸಿತು, ಆದರೂ ಬಿಡಲಿಲ್ಲ. ವೆಂಕಟರಾಯಪ್ಪನವರ ಅಂಗಡಿಯಲ್ಲಿ ಕೂರಿಸಿ ಸೋಡಾ ಕುಡಿಸಿದರು. "ನೀವು ನಮ್ಮ ಮಾನ ಕಣ್ರೀ" ಅಂದರು. ಬಂದ ಗಿರಾಕಿಗಳಿಗೆಲ್ಲ ನನ್ನ ಪರಿಚಯ ಮಾಡಿಕೊಟ್ಟರು. ಒಬ್ಬರು ಕೇಳಿದರು, ನಿಮ್ಮ ಮನೇಲಿ ಯಾರಿಗಾದರೂ ಈ ಕಾಯಿಲೆ ಇದೆಯಾ ಅಂತ. ಇಲ್ಲ ಅಂದುಬಿಟ್ಟೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಅಲ್ಲಿ ಅದೆಲ್ಲ ಹೇಳೋದು ಸರಿ ಕಾಣಲಿಲ್ಲ.

ಹುಳ ಮೂರನೇ ಜ್ವರಕ್ಕೆ ಕೂತಿವೆ. ತಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ, ಹಳೇ ಚರ್ಮ ಬಿಡೋದಕ್ಕೆ ಕಾಯ್ತಾ ಇವೆ. ಇನ್ನು ಮನೇಲಿ ಒಗ್ಗರಣೆ ಬಂದ್. ಘಾಟು ತಾಗಿದರೆ ಹುಳ ಸೊಪ್ಪು ತಿನ್ನಲ್ಲ ಅಂತ ಆಂಜಿನಮ್ಮ ಸಾಸಿವೆ ಡಬ್ಬಿಯನ್ನೇ ಅಟ್ಟಕ್ಕೆ ಏರಿಸಿದ್ದಾಳೆ. ಗಂಗುಲಪ್ಪ ಬೀಡಿ ಸೇದಬೇಕಾದರೆ ಬೀದಿಯ ಆ ತುದಿಗೆ ಹೋಗ್ತಾನೆ. ನನಗೆ ಸಪ್ಪೆ ಸಾರು ತಿಂದು ಓಡೋ ಯೋಗ.

ಫೆಬ್ರವರಿ 2, ಗುರುವಾರ

ಮೊಣಕಾಲು ಬಲಗಡೆದು ಹಾಳಾದ್ದು ಮಡಚೋಕಾಗ್ತಿಲ್ಲ.

ಅಕ್ಕ ಜಂಗಮಕೋಟೆ ಹತ್ತಿರ ಬಸ್ಸಲ್ಲೇ ವಾಂತಿ ಮಾಡಿಕೊಂಡಳಂತೆ. ಕಂಡಕ್ಟರು ಇಳೀರಿ ಅಂದನಂತೆ. ಆಂಜಿನಮ್ಮ ಅವನ ಜನ್ಮ ಜಾಲಾಡಿಸಿದ್ದಾಳೆ. ಕರೆಂಟು ಇಟ್ಟ ಜಾಗ ಸುಟ್ಟ ಬದನೆಕಾಯಿ ಆಗಿದೆ, ಸೆರಗು ತಾಗಿದರೂ ಉರಿ ಅಂತಾಳೆ. ನನಗೆ ಅದೆಲ್ಲ ಹೇಳಬೇಡ ಅಂದೆ. "ನೀವು ಒಂದು ದಿನ ಬನ್ನಿ" ಅಂದಳು. ಓಟ ಮುಗೀಲಿ ಅಂದೆ.

ಫೆಬ್ರವರಿ 7, ಮಂಗಳವಾರ

ಕೊನೇ ದೊಡ್ಡ ಓಟ ಮುಗೀತು. ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದ ಹಾದಿಯಲ್ಲಿ ಅರ್ಧ ಹೋಗಿ ಬಂದೆ. ಊರು ಸೇರೋ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು, ಮೊಣಕಾಲು ಉರಿದು ಹೋಗ್ತಿತ್ತು. ಗಂಗುಲಪ್ಪ ನೀಲಗಿರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಕೊಟ್ಟಿದ್ದ. ಚೆನ್ನಾಗಿ ತಿಕ್ಕಿದೆ. ಅಬ್ಬಾ, ಏನು ಸುಖ!

ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನ. ಈಗ ಅವಕ್ಕೆ ರಾಕ್ಷಸ ಹಸಿವು, ತಿನ್ನೋ ಸದ್ದು ಅಂಗಳಕ್ಕೆ ಕೇಳತ್ತೆ. ಹೊತ್ತಾಗಿತ್ತು, ಓಡಿ ಹೋಗಿ ಸೊಪ್ಪಿಗೆ ಮುಚ್ಚಿದ್ದ ಒದ್ದೆ ಗೋಣಿ ಎತ್ತಿ ಕೈಗೆ ಸಿಕ್ಕಷ್ಟು ಸೊಪ್ಪು ಬಾಗಿಲ ಕಡೆಯ ತಟ್ಟೆಗಳಿಗೆಲ್ಲ ಹಾಕಿದೆ. ಒಳಗಿನ ಸಾಲು ಆಂಜಿನಮ್ಮ ಬಂದು ಹಾಕಲಿ ಅಂತ ಬಿಟ್ಟು ಬಿದ್ದುಕೊಂಡೆ. ಎಂಥಾ ನಿದ್ದೆ.

ಫೆಬ್ರವರಿ 8, ಬುಧವಾರ

ನಿನ್ನೆ ಅಕ್ಕ ಸುಸ್ತಾಗಿ ಬಂದು ಮಲಗಿಬಿಟ್ಟಿದ್ದಳು, ಬಾಗಿಲ ಕಡೆ ಸೊಪ್ಪಿದೆ ಅಂತ ಆಂಜಿನಮ್ಮ ಒಳಗಿನ ಸಾಲಿಗಷ್ಟೇ ಹಾಕಿದ್ದಳಂತೆ. ಇವತ್ತು ಅಕ್ಕ ಬೆಳಗಿನ ಸೊಪ್ಪು ಹಾಕೋಕೆ ಹೋದವಳು ಕೂಗಿಕೊಂಡಳು. ಬಾಗಿಲ ಕಡೆಯ ತಟ್ಟೆಗಳಲ್ಲಿ ನಿನ್ನೆಯ ಸೊಪ್ಪು ಹಾಗೇ ಒಣಗಿದೆ. ಹುಳ ತಲೆ ಅತ್ತ ಇತ್ತ ಆಡಿಸ್ತಾ, ಬಾಯಿಂದ ಹಸಿರು ನೀರು ಕಕ್ತಾ ಇವೆ. ಕೆಲವು ಆಗಲೇ ಮೆತ್ತಗಾಗಿವೆ. "ಸಪ್ಪೆ ರೋಗ" ಅಂದಳು. ಇಷ್ಟು ವರ್ಷದಲ್ಲಿ ಅವಳ ತಟ್ಟೆಗೆ ಬಾರದ ರೋಗ.

ಬಸ್ಸಿಗೆ ಹೊತ್ತಾಗಿತ್ತು. ಆಂಜಿನಮ್ಮ ಎಳಕೊಂಡೇ ಹೋದಳು. ನಾನು ಒಳಗೆ ಹೋಗಿ ಆ ತಟ್ಟೆಯ ಒಂದು ಎಲೆ ಎತ್ತಿ ಮೂಸಿದೆ. ಕರ್ಪೂರ. ನೀಲಗಿರಿ.

ಕೈ ತೊಳೆದಿರಲಿಲ್ಲ. ಹುಳದ ಮನೇಲೇ ಹುಟ್ಟಿ ಬೆಳೆದವನು ನಾನು.

ಆ ಸೊಪ್ಪೆಲ್ಲ ತೆಗೆದು ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿದೆ, ಗೋಣಿ ಒಗೆದೆ. ಸಾಯಂಕಾಲ ಅಕ್ಕ ಬಂದಾಗ ಹೇಳೋಣ ಅಂತಿದ್ದೆ. ಅವಳ ಮುಖ ನೋಡಿ ಬಾಯಿ ಬರಲಿಲ್ಲ. ನಾಳೆ ಹೇಳ್ತೀನಿ.

ಫೆಬ್ರವರಿ 9, ಗುರುವಾರ

ಅಕ್ಕ ಬಸ್ಸಿಗೆ ಹೋಗಲಿಲ್ಲ.

ಸೀರೆ ಉಟ್ಟು ರೆಡಿಯಾಗಿದ್ದ ಆಂಜಿನಮ್ಮ ಬಾಗಿಲಲ್ಲಿ ನಿಂತು ಕರೆದಳು, ಬೈದಳು, ಅತ್ತಳು. ಅಕ್ಕ ಹುಳದ ಮನೆಯಿಂದ ಹೊರಗೇ ಬರಲಿಲ್ಲ. "ಇನ್ಯಾಕೆ ತಾಯೀ? ದೇವರು ಹೇಳಾಯ್ತಲ್ಲ" ಅಂದಳು. ಸಿಟ್ಟಿಲ್ಲ, ಅಳುವಿಲ್ಲ, ಮಜ್ಜಿಗೆ ಬೇಡ ಅನ್ನೋ ಹಾಗೆ ಹೇಳಿದಳು. ಬಸ್ಸು ಹಾರ್ನ್ ಮಾಡಿಕೊಂಡು ಹೋಯಿತು.

ನಾನು ಅಲ್ಲೇ ನಿಂತಿದ್ದೆ. ಹೇಳಲಿಲ್ಲ. ಥೂ ನನ್ನ ಜನ್ಮಕ್ಕೆ.

ಫೆಬ್ರವರಿ 10, ಶುಕ್ರವಾರ

ಇವತ್ತೂ ಹೋಗಲಿಲ್ಲ. ನಾನು ಓಡಲೂ ಇಲ್ಲ, ಒಳಗಿನ ಸಾಲಿಗೆ ಸೊಪ್ಪು ತಂದು ತಂದು ಹೊಸಿಲಲ್ಲಿಟ್ಟೆ, ಆಂಜಿನಮ್ಮ ಹಾಕಿದಳು. ಒಳಗಿನವು ಚೆನ್ನಾಗೇ ತಿನ್ನುತ್ತಿವೆ, ಆದರೆ ಅಕ್ಕ ಅವನ್ನ ನೋಡೋದೇ ಇಲ್ಲ. ಸತ್ತಿದ್ದನ್ನ ಆರಿಸಿ ಆರಿಸಿ ಹಾಕ್ತಾ ಕೂತಿದ್ದಾಳೆ.

ಮಧ್ಯಾಹ್ನ ವೆಂಕಟರಾಯಪ್ಪನವರು ಜೀಪಲ್ಲಿ ಬಂದರು, ಕೈಯಲ್ಲಿ ಕರಪತ್ರದ ಕಟ್ಟು. ನನ್ನ ಫೋಟೋ, ಕೆಳಗೆ 'ರೋಗಿಗಳ ಬಂಧು'. ಅಕ್ಕ ಸೆರಗು ಹೊದ್ದು ಹೊರಗೆ ಬಂದು ಅವರಿಗೆ ಕಾಫಿ ಕೊಟ್ಟಳು. ಕರಪತ್ರ ಕೈಗೆ ತಗೊಂಡು ಫೋಟೋ ಮೇಲೆ ಕೈಯಾಡಿಸಿದಳು.

"ನನ್ನ ತಮ್ಮ ಮೊದಲಿಂದ ಒಳ್ಳೇ ಓಟಗಾರ ಸ್ವಾಮೀ" ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಅವಳು ಬೈದ ಹಾಗೇ ಕೇಳಿಸಿತು. ಹಿತ್ತಿಲಿಗೆ ಹೋಗಿ ಆ ಎಣ್ಣೆ ಸೀಸೆ ಕಲ್ಲಿಗೆ ಬಡಿದೆ. ಅದರಿಂದ ಏನಾಯಿತು? ಅಕ್ಕನ ಎರಡು ದಿನ ವಾಪಸ್ ಬಂತಾ?

ಆಂಜಿನಮ್ಮ ಅಂದಳು, ಸೋಮವಾರವೂ ಹೋಗದಿದ್ದರೆ ಮುಗೀತು ಅಂತ. ಅವಳಿಗೂ ಎಣ್ಣೆ ವಿಷಯ ಹೇಳಿಲ್ಲ.

ಫೆಬ್ರವರಿ 11, ಶನಿವಾರ

ಹೇಳಿದೆ.

ಸಾಯಂಕಾಲ ಹಾಲಿನ ಕೆಲಸ ಮುಗಿಸಿ ಬಂದು ಹುಳದ ಮನೆ ಹೊಸಿಲ ಆಚೆ ನಿಂತೆ. ಅಕ್ಕ ನೆಲದ ಮೇಲೆ ಕೂತು ಸೊಪ್ಪಿನ ದಂಟು ಬಿಡಿಸ್ತಿದ್ದಳು.

"ಅಕ್ಕಾ, ಅದು ರೋಗ ಅಲ್ಲ."

"ಮತ್ತೇನು, ಮದುವೆ ಸಂಭ್ರಮಾನಾ?"

"ನನ್ನ ಕೈಯಿ. ಮಂಗಳವಾರ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿದ್ದೆ. ಕರ್ಪೂರ ಬೇರೆ. ಕೈ ತೊಳೀದೆ ಸೊಪ್ಪು ಹಾಕ್ದೆ. ನಾನು ಹಾಕಿದ ತಟ್ಟೆ ಮಾತ್ರ ಕೆಟ್ಟಿರೋದು, ನೋಡು ಬೇಕಾದ್ರೆ. ಒಳಗಿನ ಸಾಲಿಗೆ ಏನಾಗಿದೆ? ದೇವರೂ ಇಲ್ಲ ದಿಂಡರೂ ಇಲ್ಲ, ನಾನೇ."

ಅಕ್ಕ ಎದ್ದು ಬಂದಳು. ನನ್ನ ಬಲಗೈ ಹಿಡಿದು ಮೂಸಿದಳು. ಆಮೇಲೆ ಅದನ್ನ ಬಿಟ್ಟು ತನ್ನ ಕೈ ಎತ್ತಿ ಕೆನ್ನೆಗೆ ಒಂದು ಬಿಟ್ಟಳು. ಆಪರೇಷನ್ ಆದ ಕಡೆಯ ಕೈ ಅದು, ಎತ್ತೋಕಾಗಲ್ಲ ಅಂತಿದ್ದಳು.

"ಮುಂಡೇಗಂಡಾ! ಮೂರು ವರ್ಷದ ಮಗೂಗೆ ಗೊತ್ತು, ನಿನಗೆ ಗೊತ್ತಿಲ್ವಾ? ಹೋಗ್ಲಿ, ಕೆಡಿಸ್ದೆ. ಆವತ್ತೇ ಯಾಕೆ ಹೇಳ್ಲಿಲ್ಲ? ಮೂರು ದಿನದಿಂದ ನನ್ನ ಸೀರೆ ಯಾರ್ಯಾರಿಗೆ ಕೊಡೋದು ಅಂತ ಯೋಚ್ನೆ ಮಾಡ್ಕೊಂಡು ಕೂತಿದೀನಿ ಕಣೋ! ಮದುವೆ ಸೀರೆ ಆಂಜಿನಮ್ಮಂಗೆ ಅಂತ ಮಡಚಿ ಇಟ್ಟೂ ಆಯ್ತು!"

ಅಷ್ಟಕ್ಕೆ ಆಂಜಿನಮ್ಮ ಓಡಿ ಬಂದಳು. ವಿಷಯ ಗೊತ್ತಾಗಿ ಅವಳೂ ಶುರು ಮಾಡಿದಳು. ಗಂಗುಲಪ್ಪ ಗೋಡೆ ಮೇಲಿಂದ ಇಣುಕಿ, ಎಣ್ಣೆ ಕಾಯಿಸಿ ಕೊಟ್ಟಿದ್ದು ತಾನೇ ಅಂತ ನೆನಪಾಗಿ ಹಾಗೇ ತಲೆ ಇಳಿಸಿದ.

"ಸೋಮವಾರ ಹೋಗ್ತೀಯಾ ಅಕ್ಕಾ?" ಅಂದೆ.

"ನಿನ್ನ ಮುಖ ತೋರಿಸ್ಬೇಡ ನಂಗೆ" ಅಂತ ಬಾಗಿಲು ಹಾಕಿಕೊಂಡಳು. ಹೋಗ್ತೀನಿ ಅನ್ನಲಿಲ್ಲ. ಹೋಗಲ್ಲ ಅಂತಲೂ ಅನ್ನಲಿಲ್ಲ. ನಾಳೆ ಓಟ. ಕೆನ್ನೆ ಉರೀತಿದೆ, ಮೊಣಕಾಲು ಉರೀತಿದೆ, ಓಟದ ಮೇಲೆ ಮನಸ್ಸೇ ಇಲ್ಲ.

ಫೆಬ್ರವರಿ 12, ಭಾನುವಾರ

ಚಿಂತಾಮಣಿಯಲ್ಲಿ ಹಾರ, ಬ್ಯಾಂಡು. ಸೂರ್ಯ ಹುಟ್ಟೋ ಹೊತ್ತಿಗೆ ಬಿಟ್ಟರು. ಹಿಂದೆ ಜೀಪಲ್ಲಿ ವೆಂಕಟರಾಯಪ್ಪನವರು ಮೈಕಲ್ಲಿ ನನ್ನ ಹೆಸರು ಕೂಗ್ತಾ ಬರ್ತಿದ್ದರು. ಕಾಲಿಗೆ ಏನೂ ಹಚ್ಚಿರಲಿಲ್ಲ. ಪ್ರತಿ ಹೆಜ್ಜೆಗೂ ಮೊಣಕಾಲು ಕಿತ್ತು ಬರ್ತಿತ್ತು, ತಲೇಲಿ ಒಂದೇ ಕೊರೆತ: ಹೋಗ್ತಾಳೋ ಇಲ್ಲವೋ.

ರಸ್ತೆಯಿಂದ ನಮ್ಮೂರಿಗೆ ತಿರುಗೋ ಗೇಟಲ್ಲಿ ಜನ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವರು ಮಾತ್ರ ಒಬ್ಬರೂ ಇಲ್ಲ. "ನಿಮ್ಮಕ್ಕನ ಹುಳ ಹಣ್ಣಾಗವೆ, ಆಳು ಸಿಕ್ಕಿಲ್ಲ" ಅಂದ ಯಾರೋ. ರಸ್ತೆ ಬಿಟ್ಟು ಮನೆ ಕಡೆ ತಿರುಗಿಬಿಟ್ಟೆ. ಹಿಂದೆ ಮೈಕು ಹಾಗೇ ನಿಂತಿತು.

ಹಣ್ಣಾದ ಹುಳ ಕಾಯೋದಿಲ್ಲ, ಕೈಯಿಂದ ಆರಿಸಿ ಗೂಡು ಕಟ್ಟೋ ಬಿದಿರು ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ಸಿಕ್ಕಸಿಕ್ಕಲ್ಲಿ ಚೆಲ್ಲಿ ಹಾಳು. ಒಳಗೆ ಅಕ್ಕ, ಆಂಜಿನಮ್ಮ, ಗಂಗುಲಪ್ಪ ಮೂವರೇ ಒದ್ದಾಡ್ತಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ನನ್ನ ಎರಡೂ ಕೈ ಮೂಸಿದಳು. ಬಗ್ಗಿ ಮೊಣಕಾಲು ಮೂಸಿದಳು.

"ಬೆವರು ನಾತ ಅಷ್ಟೇ. ಕೈ ಕಾಲು ತೊಳ್ಕೊಂಡು ಬಾ."

ತಟ್ಟೆ ತಟ್ಟೆಯಾಗಿ ಆರಿಸಿದೆವು. ಹಳದಿಗೆ ತಿರುಗಿದ, ಮೈಯೆಲ್ಲ ಬೆಳಕಾದ ಹುಳ. ಬಾಗಿಲ ಕಡೆಯ ಸಾಲು ಪೂರ್ತಿ ಖಾಲಿ. ಒಳಗಿನದು ಒಂದೂ ಕೆಟ್ಟಿಲ್ಲ. ಹೊರಗೆ ಜೀಪು ಬಡಕೋತಾನೇ ಇತ್ತು. ಕೊನೆಗೆ ವೆಂಕಟರಾಯಪ್ಪನವರು ಅಂಗಳಕ್ಕೇ ಬಂದರು.

"ಚಲಪತೀ, ಇದೇನಪ್ಪಾ ಇದು! ಚಿಕ್ಕಬಳ್ಳಾಪುರದಲ್ಲಿ ಶಾಮಿಯಾನ ಹಾಕ್ಸಿದೀವಿ, ದೊಡ್ಡೋರೆಲ್ಲ ಬಂದು ಕೂತಿದಾರೆ! ನೀನು ಪೂರ್ತಿ ಮಾಡದಿದ್ರೆ ವ್ಯಾನು ಇಲ್ಲ, ಏನೂ ಇಲ್ಲ!"

"ಹೋಗೋ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂದಳು ಅಕ್ಕ.

ನಾನು ಹೊಸಿಲ ಮೇಲೆ ಕೂತುಬಿಟ್ಟೆ. "ನಾಳೆ ಬಸ್ಸು ಹತ್ತುತೀನಿ ಅನ್ನು, ಏಳ್ತೀನಿ. ಇಲ್ದಿದ್ರೆ ಇಲ್ಲೇ."

"ಏನೋ ಇದು, ಸಣ್ಣ ಮಗು ಥರ?"

"ಸಣ್ಣ ಮಗೂನೇ. ಹೊಡಿ ಬೇಕಾದ್ರೆ ಇನ್ನೊಂದು."

ವೆಂಕಟರಾಯಪ್ಪನವರಿಗೆ ಏನೂ ಅರ್ಥವಾಗಲಿಲ್ಲ. ನಾನೇ ಹೇಳಿದೆ. "ಸಾರ್, ಈ ನನ್ನ ಅಕ್ಕ, ಇವಳಿಗೇ ಕ್ಯಾನ್ಸರು. ಆವತ್ತು ಅಂಗಡೀಲಿ ಸುಳ್ಳು ಹೇಳ್ದೆ." ಅವರು ಟೋಪಿ ತೆಗೆದು ಕೈಯಲ್ಲಿ ಹಿಡಕೊಂಡು ನಿಂತರು.

ಅಕ್ಕ ಖಾಲಿ ತಟ್ಟೆಗಳ ಕಡೆ ನೋಡಿದಳು, ತುಂಬಿದ ಚಂದ್ರಿಕೆ ಕಡೆ ನೋಡಿದಳು. ಸೆರಗಿನ ಮೇಲೆ, ಆಪರೇಷನ್ ಆದ ಕಡೆ, ಕೈ ಇಟ್ಟುಕೊಂಡಳು.

"ಅರ್ಧ ಹೋಯ್ತು" ಅಂದಳು. "ಅರ್ಧ ಉಳೀತು. ಅರ್ಧ ಉಳಿದ್ರೂ ಉಳಿದ ಹಾಗೇ ಅಲ್ವೇನೋ."

"ಹೌದಕ್ಕ."

"ಹತ್ತುತೀನಿ, ಏಳು. ಆದ್ರೆ ನಾಳೆ ಆಂಜಿನಮ್ಮ ಬರಲ್ಲ. ಆಪರೇಷನ್ ದಿನ ಇಡೀ ಬಾಗ್ಲೇ ನೋಡ್ತಿದ್ದೆ ಕಣೋ ನಿನಗೋಸ್ಕರ. ನಾಳೆ ನೀನು ಬರ್ಬೇಕು."

ಹೂಂ ಅಂದು ಎದ್ದೆ. ಶಿಡ್ಲಘಟ್ಟದ ತನಕ ಅತ್ತುಕೊಂಡೇ ಓಡಿದೆ. ಜೀಪಲ್ಲಿ ಮೈಕು ಆಫ್ ಮಾಡಿದ್ದರು. ಆಮೇಲೆ ಓಟ ಅನ್ನೋಕಾಗಲ್ಲ, ಕುಂಟಿದೆ, ನಡೆದೆ, ಮತ್ತೆ ಕುಂಟಿದೆ. ಚಿಕ್ಕಬಳ್ಳಾಪುರ ಸೇರಿದಾಗ ಶಾಮಿಯಾನದ ಕುರ್ಚಿ ಎತ್ತಿ ಲಾರಿಗೆ ಹಾಕ್ತಿದ್ದರು. ದೊಡ್ಡವರೆಲ್ಲ ಹೋಗಿಯಾಗಿತ್ತು. ನಿಂತು ನಿಂತು ಬಂದಿದ್ದು ಲೆಕ್ಕಕ್ಕಿಲ್ಲ ಅಂತ ಯಾರೋ ತಕರಾರು ತೆಗೆದರು. "ಒಂದು ಮಾರು ದೂರಾನೂ ಜೀಪು ಹತ್ತಿಲ್ಲ ಇವನು, ನಾನು ಕಣ್ಣಾರೆ ನೋಡಿದೀನಿ. ಬರೆಸಿದ್ದು ಎಲ್ಲರೂ ಕೊಡ್ಬೇಕು" ಅಂತ ವೆಂಕಟರಾಯಪ್ಪನವರು ಗುಡುಗಿದರು. ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನಾಳೆ ಮೊದಲನೇ ಬಸ್ಸಿಗೆ ಏಳಬೇಕಿತ್ತು.

ಫೆಬ್ರವರಿ 13, ಸೋಮವಾರ

ಡೈರಿ ಬೀಗದಕೈ ಗಂಗುಲಪ್ಪನಿಗೆ ಕೊಟ್ಟು ಹೋದೆ.

ಬಸ್ಸಿನ ಮೆಟ್ಟಿಲು ಹತ್ತೋಕೆ ಅಕ್ಕನೇ ನನ್ನ ರಟ್ಟೆ ಹಿಡಿಯಬೇಕಾಯಿತು. ಕಾಲು ಎರಡೂ ಒನಕೆ ಆಗಿದ್ದವು. ಜಂಗಮಕೋಟೆ ದಾಟಿದ ಮೇಲೆ ಅವಳಿಗೆ ಹೊಟ್ಟೆ ತೊಳಸಿತು, ತಲೆ ಹಿಡಕೊಂಡೆ. ಕಿಟಕಿ ತೆಗೆದು ಗಾಳಿ ಬಿಟ್ಟ ಮೇಲೆ ಸರಿಹೋಯಿತು.

ಆಸ್ಪತ್ರೆಯಲ್ಲಿ ನರ್ಸಮ್ಮ ಚೆನ್ನಾಗಿ ಬೈದಳು. ತಪ್ಪಿದ ಎರಡು ದಿನ ಕೊನೆಗೆ ಸೇರಿಸ್ತಾರಂತೆ, ಇನ್ನೊಂದು ದಿನ ತಪ್ಪಿಸಿದರೆ ನಮ್ಮನ್ನ ಕೇಳಬೇಡಿ ಅಂದಳು. ಇಬ್ಬರೂ ತಲೆ ಆಡಿಸಿ ಹೊರಗೆ ಬೆಂಚಿನ ಕಡೆ ಹೋದೆವು. ನನಗೆ ಮೊಣಕಾಲು ಮಡಚೋಕೇ ಆಗಲ್ಲ, ಗೋಡೆ ಹಿಡಿದು ಹಾ ಹೂ ಅಂತಿದ್ದೆ. ಅಕ್ಕ ತೋಳು ಹಿಡಿದು ನಿಧಾನಕ್ಕೆ ಕೂರಿಸಿದಳು, ಬೆನ್ನಿಗೆ ಚೀಲ ಒತ್ತು ಕೊಟ್ಟಳು.

ಪಕ್ಕದಲ್ಲಿ ಗೌರಿಬಿದನೂರಿನ ಕಡೆಯ ಒಬ್ಬಮ್ಮ ಕೂತಿದ್ದಳು, ತಲೆಗೆ ಬಟ್ಟೆ ಸುತ್ತಿಕೊಂಡು. ನನ್ನನ್ನ ಮೇಲಿಂದ ಕೆಳಗೆ ನೋಡಿ ಮರುಕದಿಂದ, "ಪಾಪ, ಇನ್ನೂ ಚಿಕ್ಕ ವಯಸ್ಸು. ಕಾಲಿಗಾ ಬಂದಿರೋದು?" ಅಂತ ಅಕ್ಕನನ್ನ ಕೇಳಿದಳು.

ನಾನು ಬಾಯಿ ತೆಗೆಯೋಕೆ ಮುಂಚೆ ಅಕ್ಕ ನನ್ನ ತೊಡೆ ಮೇಲೆ ಕೈ ಇಟ್ಟಳು.

"ಹೂಂ ಕಣಮ್ಮಾ, ಇವನಿಗೇ" ಅಂದಳು. "ಒಬ್ನೇ ಬರೋಕೆ ಹೆದರ್ಕೋತಾನೆ. ಅದಕ್ಕೆ ನಾನು ಜೊತೆಗೆ ಬಂದಿದೀನಿ."